ಬಟ್ಟೆಯ ಮಾಡು, ಕ್ಲಚ್ ಇಲ್ಲದ ಘಟ್ಟ: ಕಾರವಾರದಲ್ಲಿ ಥಾರ್ ಕನ್ವರ್ಟಿಬಲ್ ಆಟೋಮ್ಯಾಟಿಕ್

ಮಾಡು, ಅಂದರೆ ಚಾವಣಿ, ತೆರೆಯುವ ಕಾರು ದುಡ್ಡಿದ್ದವರಿಗೆ ಮಾತ್ರ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಭಾರತದಲ್ಲಿ ಮಿನಿ ಕೂಪರ್ ಕನ್ವರ್ಟಿಬಲ್ ಸಿಗುತ್ತದೆ. ಗುಂಡಿ ಒತ್ತಿದರೆ 18 ಸೆಕೆಂಡಿನಲ್ಲಿ ಅದರ ಮಾಡು ತಾನಾಗಿ ಮಡಚಿಕೊಳ್ಳುತ್ತದೆ. ಬೆಲೆ ಮಾತ್ರ ಅರ್ಧ ಕೋಟಿ ದಾಟಿದೆ. ನನ್ನದು ಕಾರವಾರದಲ್ಲಿ ಪಿಯು ಕಾಲೇಜಿನ ಪಾಠದ ಕೆಲಸ. ನನಗೆ ಬೇಕಾಗಿದ್ದು ಮೂರೇ. ಮಾಡು ತೆರೆಯಬೇಕು, ಎಡಗಾಲಿಗೆ ಕೆಲಸ ಇರಬಾರದು, ಸಾಲದ ಕಂತು ಸಂಬಳದಲ್ಲಿ ತೀರಬೇಕು. ಈ ಮೂರೂ ಒಟ್ಟಿಗೆ ಸಿಕ್ಕಿದ್ದು ಮಹೀಂದ್ರಾ ಥಾರ್‌ನ ಬಟ್ಟೆ ಮಾಡಿನ, ಆಟೋಮ್ಯಾಟಿಕ್ ಗಾಡಿಯಲ್ಲಿ. ಡೀಸೆಲ್, 2021ರ ಮಾಡೆಲ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮಳೆ, ಚಳಿ, ಬೇಸಿಗೆ ಎಲ್ಲವನ್ನೂ ಇದರಲ್ಲಿ ನೋಡಿ ಆಗಿದೆ. ಹಾಗಾಗಿ ಈಗ ಬರೆಯಬಹುದು ಅನ್ನಿಸಿತು.

ಎಡಗಾಲಿನ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಇದೇ ತೊಂದರೆ ಇರುವವರು ಬಹಳ ಜನ ಇದ್ದಾರೆ. ನನ್ನ ಎಡ ಮಂಡಿ ಸವೆದಿದೆ. ನಡೆದಾಡಲು ತೊಂದರೆ ಇಲ್ಲ, ಆದರೆ ಕ್ಲಚ್ ಒತ್ತಿ ಒತ್ತಿ ಬಿಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ. ತವರು ಶಿರಸಿ ಹತ್ತಿರ. ಕಾರವಾರದಿಂದ ಅಂಕೋಲಾ, ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಹೋದರೆ 120 ಕಿ.ಮೀ. ದಾಟುತ್ತದೆ. ಆಯಿ (ನನ್ನ ತಾಯಿ) ಅಲ್ಲಿ ಒಬ್ಬಳೇ ಇದ್ದಾಳೆ, ಹಾಗಾಗಿ ಹೋಗದೇ ಇರುವ ಹಾಗೂ ಇಲ್ಲ. ದೇವಿಮನೆಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದ್ದಾಗ ಲಾರಿಯ ಹಿಂದೆ ಲಾರಿ ನಿಂತಿರುತ್ತಿತ್ತು. ಏರಿನಲ್ಲಿ ನಿಲ್ಲುವುದು, ನಾಲ್ಕು ಮಾರು ಮುಂದೆ ಹೋಗುವುದು, ಮತ್ತೆ ನಿಲ್ಲುವುದು. ಹಳೆಯ ಕಾರಿನಲ್ಲಿ ಅದು ಶಿಕ್ಷೆಯೇ ಆಗಿತ್ತು.

ಥಾರ್‌ನಲ್ಲಿರುವುದು 6 ಗೇರಿನ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ತಟ್ಟೆಯ ಬದಲು ಎಣ್ಣೆ ತುಂಬಿದ ಒಂದು ಗೂಡು ಇರುತ್ತದೆ. ಎಂಜಿನ್ ಆ ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಅದಕ್ಕೇ ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಗಾಡಿ ತಾನಾಗಿ ಮೆಲ್ಲಗೆ ತೆವಳುತ್ತದೆ. ಕಡಿಮೆ ಬೆಲೆಯ ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಬೇರೆ. ಅದರಲ್ಲಿ ಇರುವುದು ಮಾಮೂಲಿ ಕ್ಲಚ್ಚೇ, ಒತ್ತುವ ಕೆಲಸವನ್ನು ಯಂತ್ರ ಮಾಡುತ್ತದೆ. ಏರಿನಲ್ಲಿ ಗೇರ್ ಬದಲಾಗುವಾಗ ತಲೆ ಮುಂದೆ ವಾಲುವ ಹಾಗೆ ಆಗುವುದು ಅಂಥ ಗಾಡಿಗಳಲ್ಲಿ. ಘಟ್ಟದ ಮೇಲೆ ಕೆಳಗೆ ಓಡಾಡುವವರು ಶೋರೂಮಿನಲ್ಲಿ ಸುಮ್ನೆ 'ಆಟೋಮ್ಯಾಟಿಕ್ ಇದೆಯಾ' ಎಂದು ಕೇಳಬೇಡಿ, 'ಯಾವ ಆಟೋಮ್ಯಾಟಿಕ್' ಎಂದು ಕೇಳಿ. ಈ ಎರಡರ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

2.2 ಲೀಟರಿನ ಡೀಸೆಲ್ ಎಂಜಿನ್, 130 ಅಶ್ವಶಕ್ತಿ, 300 ನ್ಯೂಟನ್ ಮೀಟರ್ ಎಳೆತ. ದೇವಿಮನೆ ಏರಿಗೆ ಇದು ಧಾರಾಳವಾಯಿತು. ಏರುವಾಗ ನಾನು ಏನೂ ಮಾಡುವುದಿಲ್ಲ, ಗೇರನ್ನು ಡಿ ಯಲ್ಲಿ, ಅಂದರೆ ಡ್ರೈವ್‌ನಲ್ಲಿ ಬಿಟ್ಟು ಸ್ಟಿಯರಿಂಗ್ ಹಿಡಿದು ಕೂರುತ್ತೇನೆ. ಇಳಿಯುವಾಗ ಹಾಗೆ ಕೂರಬಾರದು. ಗೇರ್ ಹಿಡಿಯನ್ನು ಎಂ (ಮ್ಯಾನುಯಲ್) ಕಡೆಗೆ ತಳ್ಳಿ ಎರಡನೇ ಗೇರಿಗೆ ಇಳಿಸಿಕೊಳ್ಳಬೇಕು. ಎಂಜಿನ್ 'ಗುಂಯ್' ಎನ್ನುತ್ತದೆ, ಹೆದರಬೇಡಿ, ಗಾಡಿಯನ್ನು ಅದೇ ತಡೆದು ಹಿಡಿದಿರುತ್ತದೆ. ಡಿ ಯಲ್ಲೇ ಬಿಟ್ಟು ಘಟ್ಟದ ಮೇಲಿನ ಬಂಡಲದಿಂದ ಕೆಳಗಿನವರೆಗೆ ಬ್ರೇಕ್ ಒತ್ತುತ್ತಾ ಬರುವವರ ಗಾಡಿಯಿಂದ ಸುಟ್ಟ ವಾಸನೆ ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಾಡು ತೆರೆದಿದ್ದರೆ ಆ ವಾಸನೆ ನೇರ ಮೂಗಿಗೆ ಬಡಿಯುತ್ತದೆ. ಆಟೋಮ್ಯಾಟಿಕ್ ಹೊಸದಾಗಿ ತೆಗೆದುಕೊಂಡವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ನೀವಾದರೂ ಮೊದಲೇ ಕಲಿತುಕೊಳ್ಳಿ.

ಈಗ ಮಾಡು.

ಇಲ್ಲಿ ಗುಂಡಿ ಇಲ್ಲ, ಮೋಟಾರ್ ಇಲ್ಲ. ಎಲ್ಲ ಕೈಯಲ್ಲೇ. ಮೊದಲು ಹಿಂಬದಿಯ ಮೂರು ಕಡೆಯ ಪ್ಲಾಸ್ಟಿಕ್ ಕಿಟಕಿಗಳನ್ನು ಜಿಪ್ ಎಳೆದು ಬಿಡಿಸಬೇಕು. ಅವನ್ನು ಮಡಚಬಾರದು, ಹಳೆಯ ಹತ್ತಿ ಸೀರೆಯ ಮೇಲೆ ಹಾಸಿ ಚಾಪೆಯ ಹಾಗೆ ಸುತ್ತಿಡಬೇಕು. ಮಡಚಿದರೆ ಗೆರೆ ಬಿದ್ದು ಆ ಗೆರೆಯೇ ಬಿರುಕಾಗುತ್ತದೆ. ಆಮೇಲೆ ಒಳಗೆ ಕೂತು ಮುಂಗಾಜಿನ ಚೌಕಟ್ಟಿನ ಮೇಲಿರುವ ಕೊಂಡಿಗಳನ್ನು ಬಿಚ್ಚಬೇಕು. ಬಿಚ್ಚಿದಾಗ ಬಟ್ಟೆ ಒಮ್ಮೆ ಸಡಿಲವಾಗಿ ನಿಟ್ಟುಸಿರು ಬಿಟ್ಟ ಹಾಗೆ ಮೇಲೇಳುತ್ತದೆ. ಆಗ ಈ ಬದಿಗೊಬ್ಬರು ಆ ಬದಿಗೊಬ್ಬರು ನಿಂತು ಕಬ್ಬಿಣದ ಪಟ್ಟಿಗಳ ಸಮೇತ ಹಿಂದಕ್ಕೆ ಮಡಚಬೇಕು. ಪಟ್ಟಿಗಳ ನಡುವೆ ಬಟ್ಟೆ ಸಿಕ್ಕಿಕೊಳ್ಳದ ಹಾಗೆ ಕೈಯಿಂದ ಒಳಗೆ ದೂಡುತ್ತಾ ಹೋಗಬೇಕು. ನಮ್ಮ ಮನೆಯವರಿಗೆ ಈಗ ಇದು ಅಭ್ಯಾಸವಾಗಿದೆ. ಒಬ್ಬಳೇ ಇದ್ದಾಗ ನಾನು ತೆರೆಯಲು ಹೋಗುವುದಿಲ್ಲ, ಭುಜಕ್ಕೆ ಭಾರ. ದಾರಿಯಲ್ಲಿ ಮೋಡ ಬಂದಾಗ ಹಾಕುವುದು ತೆರೆಯುವುದಕ್ಕಿಂತ ನಿಧಾನ, ಯಾಕೆಂದರೆ ಜಿಪ್ಪಿನ ಹಲ್ಲು ಕೂಡಿಸಲು ತಾಳ್ಮೆ ಬೇಕು. ಮೋಡ ನೋಡಿ ಮನೆ ಬಿಡುವ ಅಭ್ಯಾಸ ಇರುವ ಊರಿನವರು ನಾವು, ಹಾಗಾಗಿ ಹೊಂದಿಕೊಂಡೆವು.

ಪೂರ್ತಿ ತೆರೆದ ಮೇಲೂ ತಲೆಯ ಮೇಲೆ ಕಬ್ಬಿಣದ ಪಂಜರ ಹಾಗೇ ಇರುತ್ತದೆ. ಸ್ಪೀಕರ್‌ಗಳು ಇರುವುದೂ ಅಲ್ಲೇ. ನೋಡಲು ಅಷ್ಟು ಚೆಂದ ಇಲ್ಲ ಎನ್ನುವವರಿದ್ದಾರೆ. ನನಗೆ ಅದು ಇರುವುದೇ ಧೈರ್ಯ. ಗಾಡಿ ಪಲ್ಟಿಯಾದರೆ ತಲೆ ಉಳಿಸುವುದು ಆ ಪಂಜರ ಮತ್ತು ಸೀಟ್ ಬೆಲ್ಟ್, ಬೇರೆ ಏನೂ ಅಲ್ಲ. 2020ರಲ್ಲಿ ಕಾರು ಡಿಕ್ಕಿ ಹೊಡೆಸಿ ಸುರಕ್ಷತೆ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಥಾರ್‌ಗೆ 4 ಸ್ಟಾರ್ ಬಂದಿದೆ. ಆದರೆ ಸೀಟಿನ ಮೇಲೆ ನಿಂತು ಕೈಬೀಸುವವರನ್ನು ಯಾವ ಸ್ಟಾರೂ ಕಾಪಾಡುವುದಿಲ್ಲ. ಟ್ಯಾಗೋರ್ ಬೀಚಿನ ಎದುರಿನ ಹೆದ್ದಾರಿಯಲ್ಲಿ ರಜೆಯ ದಿನ ನಿಂತರೆ ಇಂಥ ಗಾಡಿಗಳು ಕಾಣುತ್ತಲೇ ಇರುತ್ತವೆ. ನಿಂತಿರುವವರು ಹೆಚ್ಚಾಗಿ ನನ್ನ ತರಗತಿಯ ಮಕ್ಕಳ ವಯಸ್ಸಿನವರು. ದಯವಿಟ್ಟು ಕೂತುಕೊಳ್ಳಿ, ಬೆಲ್ಟ್ ಹಾಕಿ.

ನಮ್ಮ ಜಿಲ್ಲೆಯಲ್ಲಿ ಮಾಡು ತೆರೆಯುವ ಕಾಲ ಯಾವುದು ಎಂದು ಬಹಳ ಜನ ಕೇಳುತ್ತಾರೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಚೀಚೆ ಮಳೆ ಸುರಿಯುತ್ತದೆ, ಅದರ ಮುಕ್ಕಾಲು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಕ್ಟೋಬರ್‌ನಲ್ಲಿ ಸಂಜೆ ಗುಡುಗು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಬಿಸಿಲಿಗೆ ತಲೆ ಕೊಟ್ಟು ಕೂರಲು ಆಗುವುದಿಲ್ಲ. ಉಳಿಯುವುದು ನವೆಂಬರ್ ಕೊನೆಯಿಂದ ಮಾರ್ಚ್ ಶುರುವಿನ ತನಕ, ಅದೂ ಬೆಳಗ್ಗೆ ಮತ್ತು ಸಂಜೆ. ಇಷ್ಟಕ್ಕಾಗಿ ಒಂದು ಗಾಡಿಯಾ? ನನ್ನ ಉತ್ತರ, ಹೌದು. ಆ ಮೂರು ತಿಂಗಳು ನಮ್ಮ ಜಿಲ್ಲೆ ಹೇಗಿರುತ್ತದೆ ಎಂದು ಗಾಜು ಏರಿಸಿ ಎಸಿ ಹಾಕಿಕೊಂಡು ಹೋಗುವವರಿಗೆ ಗೊತ್ತೇ ಆಗುವುದಿಲ್ಲ. ಘಟ್ಟದ ಮೇಲೆ ಅಡಿಕೆ ಸುಲಿಯುವ ಕಾಲ. ಒಂದೊಂದು ಮನೆ ದಾಟುವಾಗಲೂ ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರಿನ ವಾಸನೆ, ಅದರ ಜೊತೆ ಒಲೆಯ ಹೊಗೆ. ಕತಗಾಲಕ್ಕೆ ಇಳಿದರೆ ಗಾಳಿ ಒಮ್ಮೆಲೇ ಬೆಚ್ಚಗಾಗುತ್ತದೆ. ಅಂಕೋಲೆ ಕಡೆ ಫೆಬ್ರವರಿ ಕೊನೆಗೆ ಸುರಂಗಿ ಹೂವು. ಗಾಡಿ ಮುಂದೆ ಹೋದ ಮೇಲೂ ಆ ಪರಿಮಳ ಸ್ವಲ್ಪ ದೂರ ಜೊತೆಗೇ ಬರುತ್ತದೆ.

ಇದನ್ನೆಲ್ಲ ಅನುಭವಿಸಬೇಕಾದರೆ ಗಾಡಿ ನಲವತ್ತರಲ್ಲಿ ಹೋಗಬೇಕು. ಅರವತ್ತು, ಎಪ್ಪತ್ತು ದಾಟಿದರೆ ಕಿವಿಯಲ್ಲಿ ಗಾಳಿ ಬಿಟ್ಟು ಬೇರೇನೂ ಕೇಳುವುದಿಲ್ಲ, ಪಕ್ಕದವರ ಮಾತೂ ಇಲ್ಲ. ಘಟ್ಟದ ರಸ್ತೆಯಲ್ಲಿ ನಲವತ್ತರಲ್ಲಿ ಹೋಗುವುದು ಎಂದರೆ ಎರಡು, ಮೂರು, ಮತ್ತೆ ಎರಡು ಎಂದು ಗೇರ್ ಹಾಕುತ್ತಲೇ ಇರುವುದು. ಕ್ಲಚ್ ಇರುವ ಗಾಡಿಯಲ್ಲಿ ನಮ್ಮ ಗಮನವೆಲ್ಲ ಕಾಲಿನಲ್ಲೇ ಇರುತ್ತದೆ. ಅದಕ್ಕೇ ನಾನು ಹೇಳುವುದು, ತೆರೆದ ಮಾಡು ಮತ್ತು ಆಟೋಮ್ಯಾಟಿಕ್ ಒಟ್ಟಿಗೇ ಇರಬೇಕು ಎಂದು. 'ಥಾರ್ ಅಂದ್ರೆ ಮ್ಯಾನುಯಲ್ಲೇ ಮಜಾ' ಎಂದು ಹುಡುಗರು ಹೇಳುತ್ತಾರೆ. ಕಾಡಿನಲ್ಲಿ, ಕೆಸರಿನಲ್ಲಿ ಆಡಿಸಲು ಅದು ಸರಿ ಇರಬಹುದು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಾ ಸಹಸ್ರಲಿಂಗಕ್ಕೆ ಹೋಗಿ ಬರಲು ಆಟೋಮ್ಯಾಟಿಕ್ಕೇ ಬೇಕು. ಹಳೆಯ ತೆರೆದ ಗಾಡಿಗಳನ್ನು ನೆನಪಿಸಿಕೊಳ್ಳಿ. ಮಾರುತಿ ಜಿಪ್ಸಿಗೆ ಬಟ್ಟೆ ಮಾಡು ಬರುತ್ತಿತ್ತು, ಗೇರ್ ಮ್ಯಾನುಯಲ್. ನಮ್ಮ ಪಕ್ಕದ ಗೋವಾದಲ್ಲೇ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಕನ್ವರ್ಟಿಬಲ್, ಅದೂ ಮ್ಯಾನುಯಲ್. ನನ್ನಂಥವರಿಗೆ ಈ ಸುಖ ಸಿಕ್ಕಿದ್ದು 2020ರ ಅಕ್ಟೋಬರ್ 2ರಂದು ಹೊಸ ಥಾರ್ ಬಂದ ಮೇಲೆಯೇ.

ಆಯಿ ಮೊದಲ ಸಲ ನೋಡಿದಾಗ, 'ಕೂಸೇ, ಇದಕ್ಕೆ ಮಾಡೇ ಇಲ್ಯಲೇ!' ಅಂದಳು. ಹತ್ತುವುದು ಅವಳಿಗೆ ದೊಡ್ಡ ಕಷ್ಟ. ನೆಲದಿಂದ 226 ಮಿಲಿಮೀಟರ್ ಎತ್ತರದ ಗಾಡಿ. ಅಡುಗೆಮನೆಯ ಗಟ್ಟಿ ಮಣೆಯೊಂದನ್ನು ಈಗ ಯಾವಾಗಲೂ ಗಾಡಿಯಲ್ಲೇ ಇಟ್ಟಿರುತ್ತೇನೆ. ಮುಂದಿನ ಸೀಟಿನಲ್ಲಿ ಕೂತು ಕಂಬಳಿ ಹೊದ್ದುಕೊಂಡ ಮೇಲೆ ಅವಳಷ್ಟು ಖುಷಿ ಪಡುವವರು ಇನ್ನೊಬ್ಬರಿಲ್ಲ. ಯಾರ ತೋಟದಲ್ಲಿ ಅಡಿಕೆ ಕೊನೆ ಕೊಯ್ಲು ಆಗಿದೆ, ಯಾರದ್ದು ಆಗಿಲ್ಲ, ಎಲ್ಲವನ್ನೂ ತಲೆ ಎತ್ತಿ ನೋಡುತ್ತಾ ಹೇಳುತ್ತಾಳೆ. ಹಿಂದಿನ ಸೀಟಿಗೆ ಮಾತ್ರ ವಯಸ್ಸಾದವರನ್ನು ಹತ್ತಿಸುವ ಯೋಚನೆಯನ್ನೇ ಮಾಡಬೇಡಿ. ಹಿಂದೆ ಬಾಗಿಲಿಲ್ಲ. ಮುಂದಿನ ಎಡ ಸೀಟನ್ನು ಮುಂದಕ್ಕೆ ಮಡಚಿ, ಸಂದಿಯಲ್ಲಿ ನುಗ್ಗಿ ಹೋಗಬೇಕು. ನಾಲ್ಕೇ ಸೀಟು. ನಾಲ್ವರು ಕೂತರೆ ಸಾಮಾನಿಗೆ ಜಾಗ ಇಲ್ಲ ಎಂದೇ ತಿಳಿಯಿರಿ. ತವರಿನಿಂದ ಬರುವಾಗ ಬಾಳೆಗೊನೆ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ ಇದ್ದೇ ಇರುತ್ತದೆ, ಅಲ್ವಾ? ಹಿಂದಿನ ಸೀಟು ಮಡಚಿದರೆ ಮಾತ್ರ ಅವಕ್ಕೆ ಜಾಗ.

ಇನ್ನು ಕೆಲವು ಸಣ್ಣ ವಿಷಯ. 2025ರ ಬದಲಾವಣೆಗೆ ಮುಂಚಿನ ಥಾರ್‌ಗಳಲ್ಲಿ ಕಿಟಕಿ ಇಳಿಸುವ ಸ್ವಿಚ್ ಬಾಗಿಲಿನಲ್ಲಿ ಇಲ್ಲ, ಎರಡು ಸೀಟುಗಳ ನಡುವೆ ಇದೆ. ಕೈ ರೂಢಿಯಾಗುವ ತನಕ ಟೋಲ್‌ನಲ್ಲಿ ಬಾಗಿಲು ತಡಕುವಂತಾಗುತ್ತದೆ. ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ಬೇಕು. ಎಡಗಾಲನ್ನು ಆರಾಮಾಗಿ ಇಡಲು ಸರಿಯಾದ ಪಟ್ಟಿ ಇಲ್ಲ. ಕ್ಲಚ್ ಇಲ್ಲದ ಗಾಡಿಯಲ್ಲಿ ಕಾಲಿಗೆ ಆಸರೆ ಇನ್ನೂ ಜಾಸ್ತಿ ಬೇಕು, ಆದ್ದರಿಂದ ಇದು ನನ್ನ ಮಂಡಿಗೆ ಗೊತ್ತಾಗುತ್ತದೆ. ಮೈಲೇಜ್ ನನಗೆ ಊರೊಳಗೆ ಹತ್ತರ ಹತ್ತಿರ, ಹೆದ್ದಾರಿಯಲ್ಲಿ ಹನ್ನೆರಡರ ಮೇಲೆ. ನೆಲ ನೀರು ಹಾಕಿ ತೊಳೆಯುವಂಥದ್ದು, ನೀರು ಹೋಗಲು ಬಿರಡೆ ಇದೆ. ಮರಳು, ತೋಟದ ಕೆಸರು ಎರಡೂ ಮನೆಗೆ ಬರುವ ನಮಗೆ ಇದು ನಿಜಕ್ಕೂ ಉಪಯೋಗ.

ಮಳೆಗಾಲದ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲಿಯವರಿಗೆ ಇದೇ ಮುಖ್ಯ. ಬಟ್ಟೆ ಮಾಡಿನ ಮೇಲೆ ಆಷಾಢದ ಮಳೆ ಬಿದ್ದರೆ ಒಳಗೆ ಮಾತು ಕೇಳುವುದಿಲ್ಲ. ಹಿಂದಿನದು ಪ್ಲಾಸ್ಟಿಕ್ ಕಿಟಕಿ, ಅದಕ್ಕೆ ವೈಪರ್ ಇಲ್ಲ, ಆದ್ದರಿಂದ ಹಿಂದೆ ನೋಡಲು ಪಕ್ಕದ ಕನ್ನಡಿಗಳೇ ಗತಿ. ನಾನು ಕೊಂಡ ಗಾಡಿಯ ಒಂದು ಜಿಪ್ಪಿನ ಹೊಲಿಗೆ ಹಿಂದಿನ ಮಾಲೀಕರ ಕಾಲದಲ್ಲೇ ಬಿಟ್ಟಿತ್ತು. ಅಲ್ಲಿಂದ ಹಿಂದಿನ ಸೀಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಕಾರವಾರದಲ್ಲಿ ದೋಣಿಯ ಟಾರ್ಪಾಲು, ಆಟೋ ಹುಡ್ ಹೊಲಿಯುವವರು ಒಬ್ಬರು ಗಟ್ಟಿ ನೈಲಾನ್ ದಾರದಲ್ಲಿ ಹೊಲಿದು, ಹೊಲಿಗೆಯ ಮೇಲೆ ಅಂಟು ಬಳಿದು ಕೊಟ್ಟರು. 'ಮೇಡಂ, ಜಿಪ್ಪಿಗೆ ಮೇಣದಬತ್ತಿ ತಿಕ್ಕಿ, ಎಣ್ಣೆ ಹಾಕಬೇಡಿ, ಎಣ್ಣೆಗೆ ಮರಳು ಹಿಡೀತದೆ' ಎಂದು ಅವರು ಹೇಳಿದ್ದು ಚಿನ್ನದಂಥ ಮಾತು. ಆಮೇಲೆ ನೀರು ಬಂದಿಲ್ಲ.

ನೀರಿಗಿಂತ ದೊಡ್ಡ ಶತ್ರು ಬೂಷ್ಟು. ಒದ್ದೆ ಬಟ್ಟೆಯನ್ನು ಮಡಚಿ ಇಟ್ಟರೆ ನಾಲ್ಕು ದಿನದಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಅದು ಹೋಗುವುದಿಲ್ಲ. ಮಳೆಗಾಲ ಪೂರ್ತಿ ಮಾಡು ಹಾಕಿಯೇ ಇರಬೇಕು, ಮಡಚಬಾರದು. ಬಿಸಿಲು ಬಂದ ದಿನ ಕಿಟಕಿಗಳನ್ನು ಬಿಚ್ಚಿ ಗಾಳಿ ಆಡಲು ಬಿಡಬೇಕು. ಸಮುದ್ರದ ಬದಿಯ ಮನೆಯಾದರೆ ಉಪ್ಪುಗಾಳಿ ಬೇರೆ. ವಾರಕ್ಕೊಮ್ಮೆ ಬರೀ ಸಿಹಿನೀರಿನಲ್ಲಿ ಬಟ್ಟೆ, ಕೊಂಡಿ, ಗಾಡಿಯ ಅಡಿಭಾಗ ತೊಳೆಯಬೇಕು. ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಿಂದ ಎಂದಿಗೂ ಒರೆಸಬೇಡಿ, ಅದರ ಮೇಲಿನ ಉಪ್ಪಿನ ಹರಳೇ ಗೀರು ಹಾಕುತ್ತದೆ. ಮೊದಲು ನೀರು ಸುರಿದು ಆಮೇಲೆ ಮೆತ್ತನೆ ಬಟ್ಟೆ. ಮುಖ್ಯವಾಗಿ, ಗಾಡಿಗೆ ಶೆಡ್ ಇಲ್ಲದವರು ಇದನ್ನು ತೆಗೆದುಕೊಳ್ಳಬೇಡಿ. ಶೆಡ್ ಇಲ್ಲದ ಮನೆಯಲ್ಲಿ ಕರಾವಳಿಯ ಒಂದು ಮಳೆಗಾಲ ಈ ಬಟ್ಟೆಯನ್ನು ಮುದಿ ಮಾಡಿಬಿಡುತ್ತದೆ.

ಮಾಡು ತೆರೆದು ಎಲ್ಲಿ ಹೋಗಬಾರದು ಎನ್ನುವುದೂ ಇದೆ. ಕಾರವಾರದ ಹತ್ತಿರದ ಬಿಣಗಾ ಸುರಂಗದೊಳಗೆ ಲಾರಿಗಳ ಸದ್ದು, ಹೊಗೆ ಎರಡೂ ತಲೆಗೇ ಬಡಿಯುತ್ತವೆ. 2024ರ ಜುಲೈ 16ರಂದು ಗುಡ್ಡ ಕುಸಿದ, ಅಂಕೋಲಾ ಹತ್ತಿರದ ಶಿರೂರನ್ನು ದಾಟುವಾಗ ಯಾವ ಕಾಲದಲ್ಲೂ ನನಗೆ ಮಾಡು ತೆರೆಯಲು ಮನಸ್ಸು ಬರುವುದಿಲ್ಲ. ಇನ್ನು ಸಮುದ್ರ ದಂಡೆ. 4x4 (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ) ಇದೆ ಎಂದು ಮರಳಿಗೆ ಇಳಿಸುವವರು ಬಹಳ. ಉಪ್ಪುನೀರು ಚಾಸಿಯನ್ನು ತಿನ್ನುತ್ತದೆ, ಅದು ಅವರ ಗಾಡಿ, ಬಿಡಿ. ಆದರೆ ನಾವು ಮಾಡು ತೆರೆಯುವ ಚಳಿಗಾಲದ ತಿಂಗಳುಗಳಲ್ಲೇ ಆಲಿವ್ ರಿಡ್ಲಿ ಕಡಲಾಮೆಗಳು ಕಾರವಾರ, ಹೊನ್ನಾವರದ ದಂಡೆಗಳಿಗೆ ಬಂದು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಾರೆ, ಕಣ್ಣಿಗೆ ಬೀಳದ ಗೂಡುಗಳೂ ಇರುತ್ತವೆ. ಇಷ್ಟು ಅಗಲದ ಟೈರು ಅದರ ಮೇಲೆ ಹೋದರೆ ಏನು ಉಳಿಯುತ್ತದೆ? ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗಿ. ನಿಲ್ಲಿಸಿ ಹೋಗುವಾಗ ಬ್ಯಾಗು, ಮೊಬೈಲು ಒಳಗೆ ಬಿಡಬೇಡಿ, ಬಟ್ಟೆ ಮಾಡಿಗೆ ಬೀಗ ಎಂಬುದಿಲ್ಲ.

ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ. ಮಾರುವವರು 'ಸಾಫ್ಟ್ ಟಾಪ್' ಎಂದರೆ ಸಾಲದು. ಶುರುವಿನಲ್ಲಿ ಬಂದ 9.80 ಲಕ್ಷದ ಎಲ್ಲಕ್ಕಿಂತ ಕಡಿಮೆ ಬೆಲೆಯ ಮಾಡೆಲ್ಲಿನಲ್ಲಿ ಬಟ್ಟೆ ಮಾಡು ಇತ್ತು, ಆದರೆ ಅದು ತೆರೆಯುವಂಥದ್ದಲ್ಲ. 'ಕನ್ವರ್ಟಿಬಲ್' ಎಂದು ಕೇಳಿ, ಎದುರಿಗೇ ತೆರೆಸಿ ನೋಡಿ. 2023ರ ಜನವರಿಯಲ್ಲಿ ಬಂದ ಅಗ್ಗದ ಟೂ ವೀಲ್ ಡ್ರೈವ್ ಥಾರ್‌ಗೆ ಗಟ್ಟಿ ಮಾಡು ಮಾತ್ರ. ಐದು ಬಾಗಿಲಿನ ಥಾರ್ ರಾಕ್ಸ್ ಕೂಡ ಕನ್ವರ್ಟಿಬಲ್ ಅಲ್ಲ. ಪೂರ್ತಿ ಮಾಡು ಹಾಕಿಸಿ, ಒಳಗೆ ಒಬ್ಬರನ್ನು ಕೂರಿಸಿ, ಮೇಲೆ ನಾಲ್ಕು ಕೊಡ ನೀರು ಸುರಿಸಿ. ಹೊಲಿಗೆ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ, ದರ ಇಳಿಸಿ ಕೇಳಲೂ ಬರುತ್ತದೆ. ಗೇರನ್ನು ಡಿ ಗೆ, ಆರ್‌ಗೆ (ರಿವರ್ಸ್) ಹಾಕುವಾಗ ಜೋರಾಗಿ ಧಡಕ್ ಎಂದರೆ ಮುಂದೆ ಹೋಗಬೇಡಿ.

ಅದಕ್ಕೂ ಮೊದಲು ಗೋವಾಕ್ಕೆ ಹೋಗಿ. ಮಾಜಾಳಿ ಗಡಿ ದಾಟಿ ಕಾಣಕೋಣ ಕಡೆ ಹೋದರೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಬಾಡಿಗೆ ಥಾರ್‌ಗಳು ಕಾಣುತ್ತವೆ, ಬಟ್ಟೆ ಮಾಡಿನವೂ ಅವುಗಳಲ್ಲಿ ಇರುತ್ತವೆ. ಆಟೋಮ್ಯಾಟಿಕ್ ಬೇಕು ಎಂದು ಮೊದಲೇ ಹೇಳಿ ಒಂದು ದಿನಕ್ಕೆ ತೆಗೆದುಕೊಳ್ಳಿ. ಮನೆಯವರೆಲ್ಲರನ್ನೂ ಕರೆದುಕೊಂಡು ಹೋಗಿ, ಹಿಂದಿನ ಸೀಟಿಗೆ ಹತ್ತಿಸಿ, ಮಾಡನ್ನು ನೀವೇ ಬಿಚ್ಚಿ, ನೀವೇ ಹಾಕಿ. ಹಿಂದೆ ಕೂತವರು ಸಂಜೆ ಏನು ಹೇಳುತ್ತಾರೆ ಎಂದು ಕೇಳಿಕೊಂಡು, ಆಮೇಲೆ ಅಡ್ವಾನ್ಸ್ ಕೊಡಿ.